ಕಟ್ಟಡ ಆಮೇಲೆ ಆಗಲಿ, ಮೊದಲು ಕೆಲಸ ಕೊಡಿ: ನಿವೃತ್ತ ನೌಕರರ ಸಂಘದಿಂದ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ನಮಸ್ಕಾರ.

ಕಳೆದ ಪಿಂಚಣಿದಾರರ ದಿನದ ಸಭೆಯಲ್ಲಿ ನಮ್ಮ ತಾಲೂಕು ನಿವೃತ್ತ ನೌಕರರ ಸಂಘಕ್ಕೆ ಸ್ವಂತ ಕಟ್ಟಡ ಕಟ್ಟಿಸಿಕೊಡುತ್ತೇನೆ ಅಂತ ತಾವು ಮಾತು ಕೊಟ್ಟಿರಿ. ಚಪ್ಪಾಳೆ ಜೋರಾಗಿಯೇ ಬಿತ್ತು. ತಮ್ಮ ಮಾತಿನ ಮೇಲೆ ನಮಗೆ ಅನುಮಾನವಿಲ್ಲ. ಆದರೂ ಸಂಘದ ಕಾರ್ಯದರ್ಶಿಯಾಗಿ ಒಂದು ಮಾತು ಹೇಳಲೇಬೇಕು. ಕಟ್ಟಡಕ್ಕೆ ಈಗಲೇ ಅವಸರವಿಲ್ಲ. ನಮಗೆ ಬೇಕಾಗಿರುವುದು ಕೆಲಸ, ಅಂದರೆ ಸಿಕ್ಕಿಕೊಂಡ ಪಿಂಚಣಿ ಕಡತಗಳನ್ನು ದಾಟಿಸುವ ಕೆಲಸ. ಅದನ್ನು ಕೊಡುವುದು ತಮ್ಮ ಕೈಯಲ್ಲಿದೆ, ಅದಕ್ಕೆ ಅನುದಾನವೂ ಬೇಕಿಲ್ಲ.

ಈ ಮಾತನ್ನು ತಮ್ಮ ಕಚೇರಿಗೆ ಬಂದು ಹೇಳಬಹುದಿತ್ತು. ಆದರೆ ನಮ್ಮದೊಂದೇ ತಾಲೂಕಿನ ಕಥೆಯಲ್ಲ ಇದು. ಬೇರೆ ತಾಲೂಕುಗಳ ಸಂಘದವರೂ, ಬೇರೆ ಶಾಸಕರೂ ಓದಲಿ ಅಂತ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಮ್ಮಂಥ ಸಂಘಗಳ ವರ್ಷ ಹೇಗೆ ಕಳೆಯುತ್ತದೆ ಅಂತ ತಮಗೂ ಗೊತ್ತು. ಡಿಸೆಂಬರ್ 17ಕ್ಕೆ, ಪಿಂಚಣಿದಾರರ ದಿನಕ್ಕೆ, ಒಂದು ಸಮಾರಂಭ. ಎಪ್ಪತ್ತೈದು ತುಂಬಿದವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಒಂದು ಆರೋಗ್ಯ ತಪಾಸಣೆ, ಅಂದರೆ ಬಿಪಿ ಮತ್ತು ಸಕ್ಕರೆ ನೋಡುವುದು. ಒಂದು ಪ್ರವಾಸ. ಒಂದು ವಾರ್ಷಿಕ ಮಹಾಸಭೆ, ಅದರಲ್ಲಿ ಮತ್ತೆ ಹಿಂದಿನವರೇ ಅಧ್ಯಕ್ಷರು, ಹಿಂದಿನವರೇ ಖಜಾಂಚಿ. ಉಳಿದ ದಿನವೆಲ್ಲ ವಾಟ್ಸಾಪ್ ಗುಂಪು: ಬೆಳಿಗ್ಗೆ ಶುಭೋದಯ, ಮಧ್ಯಾಹ್ನ ತುಟ್ಟಿಭತ್ಯೆ ಆದೇಶದ ಪಿಡಿಎಫ್, ಸಂಜೆ ಯಾರದೋ ನಿಧನದ ಸುದ್ದಿ. ಇದರಲ್ಲಿ ತಪ್ಪೇನೂ ಇಲ್ಲ. ವಯಸ್ಸಾದವರಿಗೆ ಒಟ್ಟಿಗೆ ಕೂತು ಮಾತಾಡೋದೇ ಒಂದು ಔಷಧಿ. ಆದರೆ ಅಷ್ಟಕ್ಕಾಗಿ ಹೊಸಬರು ಬರುವುದಿಲ್ಲ. ಮೊನ್ನೆ ಮೊನ್ನೆ ನಿವೃತ್ತರಾದವರನ್ನು ಕೇಳಿದರೆ, "ಸಂಘಕ್ಕೆ ಬಂದು ಏನು ಮಾಡಲಿ ಸಾರ್?" ಅನ್ನುತ್ತಾರೆ. ಅವರ ಪ್ರಶ್ನೆ ಸರಿಯಾಗಿಯೇ ಇದೆ.

ಡಿಸೆಂಬರ್ 17ರ ಹಿನ್ನೆಲೆಯನ್ನು ನಮ್ಮ ವೇದಿಕೆಗಳಲ್ಲಿ ಎರಡೇ ವಾಕ್ಯದಲ್ಲಿ ಹೇಳಿ ಮುಗಿಸಿಬಿಡುತ್ತಾರೆ. ನಾನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನನ್ನ ಕೋರಿಕೆಯ ಬೇರು ಅಲ್ಲೇ ಇದೆ. 1979ರಲ್ಲಿ ಕೇಂದ್ರ ಸರ್ಕಾರ ಪಿಂಚಣಿ ಲೆಕ್ಕದ ಸೂತ್ರವನ್ನು ಉದಾರ ಮಾಡಿತು. ಆದರೆ ಆ ವರ್ಷ ಮಾರ್ಚ್ 31ರಂದು ಅಥವಾ ಆಮೇಲೆ ನಿವೃತ್ತರಾದವರಿಗೆ ಮಾತ್ರ ಅಂತ ಗೆರೆ ಎಳೆಯಿತು. ಹಿಂದಿನ ದಿನ ನಿವೃತ್ತರಾದವರು ಗೆರೆಯ ಆಚೆ ಉಳಿದರು. ಹಾಗೆ ಮೊದಲೇ ನಿವೃತ್ತರಾಗಿದ್ದ ಡಿ.ಎಸ್. ನಕಾರ ಅವರು ಸುಪ್ರೀಂ ಕೋರ್ಟಿಗೆ ಹೋದರು. ಐವರು ನ್ಯಾಯಮೂರ್ತಿಗಳ ಪೀಠ 1982ರ ಡಿಸೆಂಬರ್ 17ರಂದು ತೀರ್ಪು ಕೊಟ್ಟಿತು: ಪಿಂಚಣಿ ದಯೆಯಿಂದ ಕೊಡುವ ಭಿಕ್ಷೆಯಲ್ಲ, ದುಡಿದವರ ಹಕ್ಕು, ಪಿಂಚಣಿದಾರರನ್ನು ಒಂದು ತಾರೀಖಿನಿಂದ ಎರಡು ಪಾಲು ಮಾಡುವಂತಿಲ್ಲ.

ಆ ಮೊಕದ್ದಮೆಯಲ್ಲಿ ನಕಾರ ಅವರ ಜೊತೆ ಬೇರೆ ಅರ್ಜಿದಾರರೂ ಇದ್ದರು. ಅವರಲ್ಲಿ ಒಂದು ವ್ಯಕ್ತಿಯಲ್ಲ, 'ಕಾಮನ್ ಕಾಸ್' ಅನ್ನುವ ಒಂದು ನೋಂದಾಯಿತ ಸಂಘ. ವಯಸ್ಸಾಗಿ, ಕೈಯಲ್ಲಿ ಕಾಸಿಲ್ಲದೆ, ಒಬ್ಬೊಬ್ಬರೇ ಕೋರ್ಟಿಗೆ ಬರಲಾಗದ ಪಿಂಚಣಿದಾರರ ಪರವಾಗಿ ಅದು ಬಂದಿತ್ತು. ಹಾಗೆ ಬರುವ ಹಕ್ಕು ಅದಕ್ಕೆ ಇದೆ ಅಂತ ನ್ಯಾಯಾಲಯ ಒಪ್ಪಿತು. ಒಬ್ಬರಿಂದ ಆಗದ್ದನ್ನು ಮಾಡುವುದಕ್ಕೇ ಸಂಘ ಇರುವುದು ಅಲ್ವಾ? ನಾವು ಹಬ್ಬ ಮಾಡುವ ದಿನ ಹುಟ್ಟಿದ್ದೇ ಅಂಥ ಕೆಲಸದಿಂದ.

ಈಗ ನಮ್ಮ ತಾಲೂಕಿಗೆ ಬರೋಣ.

ನಮ್ಮ ಕಡೆ ಮೇ 31 ಬಂತೆಂದರೆ ಒಂದೊಂದು ಕಚೇರಿಯಲ್ಲಿ ಸಾಲು ಸಾಲು ಬೀಳ್ಕೊಡುಗೆ. ಕಾರಣ ತಮಗೂ ಗೊತ್ತಿದ್ದೀತು. ಆ ಕಾಲದಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಹುಟ್ಟಿದ ದಿನ ಬರೆದುಬಿಡುತ್ತಿದ್ದರು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕು. ಹಾಗಾಗಿ ಮೇಷ್ಟ್ರ ಒಂದು ಗೀಟು ಅರವತ್ತು ವರ್ಷ ತುಂಬುವಾಗ ಹೀಗೆ ಒಂದೇ ದಿನ ಸಾಲಾಗಿ ಮನೆಗೆ ಕಳಿಸುತ್ತದೆ. ನಾನು ಖಜಾನೆ ಇಲಾಖೆಯಲ್ಲಿ ಇದ್ದವನು, ಈ ನೂಕುನುಗ್ಗಲು ಕೌಂಟರಿನ ಒಳಗಿನಿಂದ ನೋಡಿದ್ದೇನೆ. ಯಾರು ಯಾವ ತಿಂಗಳು ನಿವೃತ್ತರಾಗುತ್ತಾರೆ ಅನ್ನೋದು ಅವರು ಕೆಲಸಕ್ಕೆ ಸೇರಿದ ದಿನವೇ ಗೊತ್ತಿರುವ ಸಂಗತಿ. ನೌಕರರ ಸಂಬಳ, ಸೇವೆಯ ವಿವರ ಇರುವ ಎಚ್‌ಆರ್‌ಎಂಎಸ್ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಎಲ್ಲರ ಹುಟ್ಟಿದ ದಿನಾಂಕ ಇದೆ. ಆದರೂ ನಿವೃತ್ತಿಯ ತಿಂಗಳು ಬಂದಾಗಲೇ ಸೇವಾ ಪುಸ್ತಕ ಬಿಚ್ಚುತ್ತಾರೆ. ಆಗ ಕಾಣುತ್ತದೆ: ಯಾವುದೋ ಹಳೆಯ ವರ್ಷದ ವಾರ್ಷಿಕ ವೇತನ ಬಡ್ತಿಗೆ ಸಹಿ ಇಲ್ಲ, ಒಂದು ರಜೆ ನಮೂದಾಗಿಲ್ಲ, ಹಿಂದೆ ಇದ್ದ ಕಚೇರಿಯಿಂದ ಬೇಬಾಕಿ ಪ್ರಮಾಣಪತ್ರ ಬಂದಿಲ್ಲ. ಕಡತ, ಪಿಂಚಣಿ ಲೆಕ್ಕ ನೋಡಿ ಆದೇಶ ಕೊಡುವ ಮಹಾಲೇಖಪಾಲರ ಕಚೇರಿಗೆ ಹೋಗುತ್ತದೆ, ಆಕ್ಷೇಪಣೆಯೊಂದಿಗೆ ವಾಪಸ್ ಬರುತ್ತದೆ. ಅಷ್ಟರಲ್ಲಿ ಅಲ್ಲಿದ್ದ ಗುಮಾಸ್ತರಿಗೆ ವರ್ಗ ಆಗಿರುತ್ತದೆ.

ಇಂಥ ಕಡತಗಳನ್ನು ಓದಿ ಎಲ್ಲಿ ಸಿಕ್ಕಿಕೊಂಡಿದೆ ಅಂತ ಹೇಳಬಲ್ಲವರು ಎಲ್ಲಿದ್ದಾರೆ? ನಮ್ಮ ಸಂಘದಲ್ಲೇ ಇದ್ದಾರೆ. ಜೀವನವಿಡೀ ಸೇವಾ ಪುಸ್ತಕ ಬರೆದ ಪ್ರಥಮ ದರ್ಜೆ ಸಹಾಯಕರು, ವೇತನ ನಿಗದಿ ಮಾಡಿದ ಅಧೀಕ್ಷಕರು, ಲೆಕ್ಕಪತ್ರ ಇಲಾಖೆಯವರು. ಅವರು ಈಗ ಪಾರ್ಕಿನ ಬೆಂಚಿನ ಮೇಲೆ ಸುಮ್ನೆ ಕೂತಿದ್ದಾರೆ. ಮುಂದಿನ ಒಂದು ವರ್ಷದಲ್ಲಿ ನಿವೃತ್ತರಾಗುವವರ ಪಟ್ಟಿಯನ್ನು ಪ್ರತಿ ಇಲಾಖೆ ಸಂಘಕ್ಕೆ ಕೊಟ್ಟರೆ ಸಾಕು. ನೌಕರರು ಒಪ್ಪಿದರೆ ಅವರ ಜೊತೆ ಕೂತು ಸೇವಾ ಪುಸ್ತಕ ಮುಂಚೆಯೇ ನೋಡಿಕೊಡುತ್ತೇವೆ. ಕಚೇರಿಯ ಅಧಿಕಾರದಲ್ಲಿ ಕೈ ಹಾಕುವುದಿಲ್ಲ. ಎಲ್ಲಿ ಸಹಿ ಬಿಟ್ಟುಹೋಗಿದೆ ಅಂತ ತೋರಿಸುತ್ತೇವೆ, ಅಷ್ಟೇ. ಹೀಗೆ ಕೈಹಿಡಿದು ದಾಟಿಸಿದವರು ನಿವೃತ್ತರಾದ ಮೇಲೆ ಸಂಘಕ್ಕೆ ತಾವಾಗಿಯೇ ಬರುತ್ತಾರೆ. ಸದಸ್ಯತ್ವ ಅಭಿಯಾನ ಅಂತ ಬ್ಯಾನರ್ ಕಟ್ಟಬೇಕಿಲ್ಲ.

ಇದಕ್ಕಿಂತಲೂ ನನಗೆ ಮುಖ್ಯ ಅನ್ನಿಸುವುದು ಕುಟುಂಬ ಪಿಂಚಣಿಯ ವಿಷಯ. ನಮ್ಮ ಸಂಘದ ಸದಸ್ಯರ ಪಟ್ಟಿ ತೆಗೆದು ನೋಡಿ. ಗಂಡ ತೀರಿಕೊಂಡ ತಕ್ಷಣ ಆ ಮನೆ ಪಟ್ಟಿಯಿಂದ ಹೋಗಿರುತ್ತದೆ. ನಿಜವಾಗಿ ಸಂಘ ಬೇಕಾಗುವುದು ಆಗಲೇ. ಆ ತಾಯಿಗೆ ಪಿಪಿಓ (ಪಿಂಚಣಿ ಪಾವತಿ ಆದೇಶ) ಪುಸ್ತಕ ಎಲ್ಲಿದೆ ಅಂತ ಗೊತ್ತಿರುವುದಿಲ್ಲ. ಮಗ ಬೇರೆ ಊರಲ್ಲಿ. ಬ್ಯಾಂಕಿಗೆ ಸಾವಿನ ಸುದ್ದಿ ತಿಳಿಸುವುದು ತಡವಾಗಿ, ಸತ್ತ ಮೇಲೂ ಖಾತೆಗೆ ಬಂದ ಪಿಂಚಣಿಯನ್ನು ಮನೆಯವರು ಎಟಿಎಂನಿಂದ ತೆಗೆದಿರುತ್ತಾರೆ. ಮೋಸ ಮಾಡಬೇಕು ಅಂತಲ್ಲ, ತಿಥಿ ಖರ್ಚಿಗೆ ಅಂತ. ಆಮೇಲೆ ಅದೇ ಹಣವನ್ನು ಆಕೆಯ ಕುಟುಂಬ ಪಿಂಚಣಿಯಲ್ಲಿ ಹಿಡಿಯುತ್ತಾರೆ. ಇನ್ನು ಹೆಸರಿನ ತಾಪತ್ರಯ. ಸೇವಾ ಪುಸ್ತಕದಲ್ಲಿ ಸರೋಜಮ್ಮ, ಆಧಾರ್‌ನಲ್ಲಿ ಸರೋಜಾ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹೆಸರಿನ ಮುಂದೆ ಒಂದು ಇನಿಷಿಯಲ್. ಮೂವರೂ ಒಬ್ಬರೇ ಅಂತ ಸಾಬೀತು ಮಾಡಲು ಆಕೆ ಅಫಿಡವಿಟ್ ಹಿಡಿದು, ಗಂಡ ಕೊನೆಗೆ ಕೆಲಸ ಮಾಡಿದ ಕಚೇರಿಗೆ ಅಲೆಯಬೇಕು. ಅಲ್ಲಿ ಆತನನ್ನು ಬಲ್ಲವರು ಒಬ್ಬರೂ ಉಳಿದಿರುವುದಿಲ್ಲ.

ಕುಟುಂಬ ಪಿಂಚಣಿ ಸಾಮಾನ್ಯವಾಗಿ ಕೊನೆಯ ವೇತನದ ಶೇ. 30. ಏಳನೇ ರಾಜ್ಯ ವೇತನ ಆಯೋಗದ ಶಿಫಾರಸಿನಿಂದ 2024ರ ಆಗಸ್ಟ್‌ನಿಂದ ಕನಿಷ್ಠ ಪಿಂಚಣಿ 8,500 ರೂಪಾಯಿಯಿಂದ 13,500ಕ್ಕೆ ಏರಿತು, ಸಂತೋಷ. ಆದರೆ ಕಾಗದ ಸರಿಯಾಗದಿದ್ದರೆ ಆ ಹದಿಮೂರು ಸಾವಿರವೂ ಕಾಗದದಲ್ಲೇ ಉಳಿಯುತ್ತದೆ. ಹಾಗಾಗಿ ನಮ್ಮ ಮುಂದಿನ ಮಹಾಸಭೆಯಲ್ಲಿ ಉಪನಿಯಮ ತಿದ್ದಿ, ಕುಟುಂಬ ಪಿಂಚಣಿದಾರರಿಗೆ ಮತದ ಹಕ್ಕಿರುವ ಪೂರ್ಣ ಸದಸ್ಯತ್ವ ಕೊಡುವ ಪ್ರಸ್ತಾವ ಇಡುತ್ತಿದ್ದೇವೆ. ಕಾರ್ಯಕಾರಿ ಸಮಿತಿಯಲ್ಲೂ ಅವರಿಗೆ ಜಾಗ ಇರಬೇಕು ಅಂತ ನನ್ನ ಹಟ. ಕೆಲವು ಹಿರಿಯರಿಗೆ ಇದು ರುಚಿಸಿಲ್ಲ, ಅದೂ ತಮ್ಮ ಗಮನಕ್ಕಿರಲಿ.

ನವೆಂಬರ್ ತಿಂಗಳು ಬಂದರೆ, ಇನ್ನೂ ಬದುಕಿದ್ದೇವೆ ಅಂತ ಪಿಂಚಣಿದಾರರು ಕೊಡಬೇಕಾದ ಜೀವಿತ ಪ್ರಮಾಣಪತ್ರ. 2014ರಲ್ಲಿ ಬಂದ, ಬೆರಳಚ್ಚು ಒತ್ತಿ ಆನ್‌ಲೈನಿನಲ್ಲೇ ಅದನ್ನು ಕೊಡುವ ಜೀವನ್ ಪ್ರಮಾಣ್ ವ್ಯವಸ್ಥೆಯಿಂದ ಬ್ಯಾಂಕಿನ ಸಾಲು ಕಡಿಮೆಯಾಯಿತು, ನಿಜ. ಆದರೆ ವಯಸ್ಸಾದವರ ಬೆರಳಚ್ಚು ಸವೆದಿರುತ್ತದೆ. ಅಜ್ಜಿ ಹೆಬ್ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಒತ್ತುತ್ತಾರೆ, ಯಂತ್ರ ಮತ್ತೆ ಕೆಂಪು ದೀಪ ತೋರಿಸುತ್ತದೆ. ಈಗ ಮೊಬೈಲಿನಲ್ಲಿ ಮುಖ ತೋರಿಸಿ ಕಣ್ಣು ಮಿಟುಕಿಸಿದರೆ ಆಗುತ್ತದೆ. ಇದು ಗೊತ್ತಿರುವವರು ಕಡಿಮೆ. ಸಂಘದ ನಾಲ್ಕು ಜನ ಫೋನ್ ಹಿಡಿದು ಹಾಸಿಗೆ ಹಿಡಿದವರ ಮನೆಗೆ ಹೋದರೆ ಕೆಲಸ ಮುಗಿಯಿತು. ಇದಕ್ಕೆ ತಮ್ಮ ಸಹಾಯವೂ ಬೇಡ, ಮಾಡಿಕೊಳ್ಳುತ್ತೇವೆ.

ತಮ್ಮ ದನಿ ಬೇಕಾಗಿರುವುದು ಇನ್ನೊಂದು ಕಡೆ. 2022ರ ಜುಲೈ 1ರಿಂದ 2024ರ ಜುಲೈ 31ರ ನಡುವೆ ನಿವೃತ್ತರಾದವರ ವಿಷಯ ತಮಗೆ ಗೊತ್ತಿದೆ. ಏಳನೇ ವೇತನ ಆಯೋಗದ ಹೊಸ ವೇತನ ಕಾಗದದ ಲೆಕ್ಕಕ್ಕೆ 2022ರ ಜುಲೈನಿಂದ ಜಾರಿ, ಹಣವಾಗಿ ಕೈಗೆ ಬಂದದ್ದು 2024ರ ಆಗಸ್ಟ್‌ನಿಂದ. ನಡುವೆ ಸಿಕ್ಕಿಕೊಂಡವರ ಮಾಸಿಕ ಪಿಂಚಣಿ ಪರಿಷ್ಕರಣೆ ಆಯಿತು. ಗ್ರಾಚ್ಯುಟಿ, ಕಮ್ಯುಟೇಶನ್ (ಪಿಂಚಣಿಯ ಒಂದು ಪಾಲನ್ನು ಮುಂಗಡವಾಗಿ ಒಟ್ಟಿಗೆ ಪಡೆಯುವುದು), ಗಳಿಕೆ ರಜೆಯ ನಗದು ಮಾತ್ರ ಹಳೆಯ ವೇತನದ ಮೇಲೆಯೇ ಲೆಕ್ಕವಾಯಿತು. ಒಬ್ಬೊಬ್ಬರಿಗೂ ಲಕ್ಷಗಳಲ್ಲಿ ವ್ಯತ್ಯಾಸ. ನಕಾರ ತೀರ್ಪು ಇದಕ್ಕೆ ನೇರವಾಗಿ ಅನ್ವಯಿಸುವುದಿಲ್ಲ ಅಂತ ವಾದಿಸುವವರಿದ್ದಾರೆ, ಅದು ಕಾನೂನು ಬಲ್ಲವರ ಜಗಳ. ಆದರೆ ಒಂದು ತಾರೀಖಿನ ಗೆರೆ ಜನರನ್ನು ಮತ್ತೆ ಎರಡು ಪಾಲು ಮಾಡಿದ್ದಂತೂ ಹೌದು. ಅವರು ತಮ್ಮದೇ ವೇದಿಕೆ ಕಟ್ಟಿಕೊಂಡು ಬೆಂಗಳೂರಿಗೆ ಹೋಗಿ ಧರಣಿ ಕೂತರು. ಊರಲ್ಲೇ ಸಂಘ ಇರುವಾಗ ಬೇರೆ ವೇದಿಕೆ ಯಾಕೆ ಬೇಕಾಯಿತು ಅಂತ ನಮ್ಮವರು ಕೇಳಿಕೊಳ್ಳಬೇಕು. ಸದನದಲ್ಲಿ ಒಂದು ಪ್ರಶ್ನೆ ಕೇಳಿ ಲಿಖಿತ ಉತ್ತರ ತರಿಸುವುದು ತಮ್ಮ ಕೆಲಸ.

ಇನ್ನು ನಾಳೆಯ ಮಾತು. 2006ರ ಏಪ್ರಿಲ್ 1ರಿಂದ ಸರ್ಕಾರಿ ಕೆಲಸಕ್ಕೆ ಸೇರಿದವರು ಎನ್‌ಪಿಎಸ್‌ನಲ್ಲಿದ್ದಾರೆ, ಅಂದರೆ ಸಂಬಳದಿಂದ ಹಣ ಕೂಡಿಡುವ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯಲ್ಲಿ. ಅವರಿಗೆ ಪಿಪಿಓ ಇಲ್ಲ, ಪ್ರಾನ್ ಅನ್ನುವ ಖಾತೆ ಸಂಖ್ಯೆ ಇದೆ. ಕೂಡಿಟ್ಟ ಮೊತ್ತದಲ್ಲಿ ಕನಿಷ್ಠ ಒಂದು ಪಾಲಿನಿಂದ ಆನ್ಯುಟಿ, ಅಂದರೆ ತಿಂಗಳು ತಿಂಗಳು ಹಣ ಕೊಡುವ ವಿಮಾ ಯೋಜನೆ, ಕೊಳ್ಳಬೇಕು, ಅದಕ್ಕೆ ತುಟ್ಟಿಭತ್ಯೆ ಸೇರುವುದಿಲ್ಲ. ಮೂವತ್ತೈದರಲ್ಲಿ ಸೇರಿದವರು 2031ಕ್ಕೆ ಅರವತ್ತು ಮುಟ್ಟುತ್ತಾರೆ. ವಯಸ್ಸಾಗಿ ಸೇರಿದ ಕೆಲವರು ಈಗಾಗಲೇ ನಿವೃತ್ತರು. ನಮ್ಮ ಸಭೆಗಳಲ್ಲಿ ತುಟ್ಟಿಭತ್ಯೆ ಎಷ್ಟು ಏರಿತು ಅಂತ ಚರ್ಚೆ ನಡೆಯುವಾಗ ಅವರು ಹಿಂದಿನ ಸಾಲಿನಲ್ಲಿ ಕೂತು ಚಹಾ ಕುಡಿದು ಎದ್ದು ಹೋಗುತ್ತಾರೆ. ಅವರ ವಿಷಯವನ್ನು ಸಂಘ ತನ್ನದು ಅಂದುಕೊಳ್ಳದಿದ್ದರೆ ಇಪ್ಪತ್ತು ವರ್ಷದ ಮೇಲೆ ತಾವು ಕಟ್ಟಿಸಿದ ಕಟ್ಟಡಕ್ಕೆ ಬೀಗ ತೆಗೆಯುವವರೂ ಇರುವುದಿಲ್ಲ. ಕಟ್ಟಡ ಈಗ ಬೇಡ ಅಂದದ್ದು ಅದಕ್ಕೇ.

ಹಾಗಾದರೆ ತಾವು ಮಾಡಬೇಕಾದದ್ದು ಏನು? ಇಲಾಖೆಗಳ ಪ್ರಗತಿ ಪರಿಶೀಲಿಸುವ ತಾಲೂಕಿನ ತ್ರೈಮಾಸಿಕ ಕೆಡಿಪಿ ಸಭೆಗೆ ತಾವೇ ಅಧ್ಯಕ್ಷರು. ಕುಡಿಯುವ ನೀರು, ರಸ್ತೆ, ಬಿತ್ತನೆ ಬೀಜ ಎಲ್ಲ ಅಲ್ಲಿ ಬರುತ್ತವೆ. ಕಾರ್ಯಸೂಚಿಯಲ್ಲಿ ಒಂದು ಸಾಲು ಸೇರಿಸಿ: ಪ್ರತಿ ಇಲಾಖೆಯಲ್ಲಿ ಬಾಕಿ ಇರುವ ಪಿಂಚಣಿ ಮತ್ತು ಕುಟುಂಬ ಪಿಂಚಣಿ ಕಡತಗಳು, ಯಾವ ಹಂತದಲ್ಲಿ, ಯಾರ ಬಳಿ. ಉಪಖಜಾನೆಯ ಅಧಿಕಾರಿಯನ್ನೂ ಪಿಂಚಣಿ ಪಾವತಿಸುವ ಬ್ಯಾಂಕಿನವರನ್ನೂ ಆ ವಿಷಯಕ್ಕೆ ಕರೆಸಿ. ಸಂಘದಿಂದ ಒಬ್ಬರು ಕೂರಲು ಅವಕಾಶ ಕೊಡಿ. ಹೇಳಿದ್ದು ನಡಾವಳಿಯಲ್ಲಿ ಬರಲಿ, ಅದರಲ್ಲಿ ಎಷ್ಟು ಆಯಿತು ಅನ್ನುವ ಅನುಪಾಲನಾ ವರದಿ ಮುಂದಿನ ಸಭೆಗೆ ಬರಲಿ. ಸರ್ಕಾರಿ ಕಚೇರಿಯಲ್ಲಿ ಕಾಲ ಕಳೆದ ನಮಗೆ ಗೊತ್ತು, ಬಾಯಿಮಾತಿನ ಭರವಸೆಗಿಂತ ಅನುಪಾಲನಾ ವರದಿಗೆ ಅಧಿಕಾರಿಗಳು ಜಾಸ್ತಿ ಹೆದರುತ್ತಾರೆ.

ಪಿಂಚಣಿ ಅದಾಲತ್ ಇದೆಯಲ್ಲ ಅಂತ ಯಾರಾದರೂ ಹೇಳಬಹುದು. ಕಂದಾಯ ಇಲಾಖೆ ಹೋಬಳಿಗಳಲ್ಲಿ ನಡೆಸುವುದು ವೃದ್ಧಾಪ್ಯ, ವಿಧವಾ, ಸಂಧ್ಯಾ ಸುರಕ್ಷಾ ವೇತನದ ಅದಾಲತ್, ನಿವೃತ್ತ ನೌಕರರದ್ದಲ್ಲ. ನಮ್ಮವರು ಕೆಲವರು ಹೆಸರು ನೋಡಿ ಪಿಪಿಓ ಹಿಡಿದು ಅಲ್ಲಿಗೂ ಹೋಗಿ, ಅರ್ಧ ದಿನ ಕಾದು ವಾಪಸ್ ಬಂದಿದ್ದಾರೆ.

ನಾವೂ ನಮ್ಮ ಕಡೆಯಿಂದ ಮಾಡಬೇಕಾದದ್ದು ಇದೆ. ಸಂಘ ನೋಂದಣಿಯಾಗಿರುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ. ಪ್ರತಿ ವರ್ಷ ಲೆಕ್ಕಪತ್ರವನ್ನೂ ಆಡಳಿತ ಮಂಡಳಿಯ ಪಟ್ಟಿಯನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಅದನ್ನು ಇನ್ನು ಮುಂದೆ ಸೂಚನಾ ಫಲಕಕ್ಕೂ ಅಂಟಿಸುತ್ತೇವೆ. ಯಾವ ಪಕ್ಷದ ಮೆರವಣಿಗೆಗೂ ಸಂಘದ ಬ್ಯಾನರ್ ಕೊಡುವುದಿಲ್ಲ. ತಮ್ಮ ಪಕ್ಷಕ್ಕೂ ಕೂಡ, ಬೇಸರ ಮಾಡಿಕೊಳ್ಳಬಾರದು.

ಮುಂದಿನ ಕೆಡಿಪಿ ಸಭೆಯ ಕಾರ್ಯಸೂಚಿ ಸಿದ್ಧವಾಗುವ ಮೊದಲು ತಮ್ಮ ಕಚೇರಿಯಿಂದ ಒಂದು ಸಾಲು ಉತ್ತರ ಬಂದರೆ ಸಾಕು. ನಮಗೆ ಗೊತ್ತಿರುವ ಬಾಕಿ ಕಡತಗಳ ಪಟ್ಟಿಯನ್ನು ಇಲಾಖೆವಾರು ಮಾಡಿ, ಆಯಾ ಕುಟುಂಬದವರ ಒಪ್ಪಿಗೆ ಪತ್ರದ ಜೊತೆ ತಮ್ಮ ಆಪ್ತ ಸಹಾಯಕರಿಗೆ ಮುಟ್ಟಿಸುತ್ತೇವೆ. ಕುಟುಂಬ ಪಿಂಚಣಿಯ ಕಡತಗಳನ್ನು ಪಟ್ಟಿಯಲ್ಲಿ ಮೊದಲು ಇಟ್ಟಿರುತ್ತೇವೆ, ಸಭೆಯಲ್ಲೂ ಅವನ್ನೇ ಮೊದಲು ತೆಗೆದುಕೊಳ್ಳಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ,
ತಾಲೂಕು ನಿವೃತ್ತ ಸರ್ಕಾರಿ ನೌಕರರ ಸಂಘ