ಭವನಕ್ಕಿಂತ ಮೊದಲು ಒಂದು ಸುತ್ತೋಲೆ ಕೊಡಿ: ಗೃಹ ಸಚಿವರಿಗೆ ಯಾದಗಿರಿಯಿಂದ ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಿಗೆ ನಮಸ್ಕಾರಗಳು. ಬರೆದ ಸುದ್ದಿಯ ಕಾರಣಕ್ಕೆ ವರದಿಗಾರನ ಮೇಲೆ ದೂರು ಬಿದ್ದಾಗ ಪೊಲೀಸರು ಹೇಗೆ ನಡೆದುಕೊಳ್ಳಬೇಕು ಎಂಬ ಸುತ್ತೋಲೆ ಕೇಳಿ ಈ ಪತ್ರ.

ಯಾದಗಿರಿ ಜಿಲ್ಲೆಯ ತಾಲ್ಲೂಕೊಂದರಿಂದ ಪತ್ರಿಕೆಗೆ ಸುದ್ದಿ ಬರೆಯುವವನು ನಾನು, ಇಲ್ಲಿನ ಪತ್ರಕರ್ತರ ಸಂಘದ ಸದಸ್ಯ. ಪ್ರತಿ ವರ್ಷ ಜುಲೈ 1ರ ಪತ್ರಿಕಾ ದಿನಾಚರಣೆಗೆ ಶಾಸಕರು, ಸಚಿವರು ಬರುತ್ತಾರೆ. ಪತ್ರಿಕಾರಂಗ ಪ್ರಜಾಪ್ರಭುತ್ವದ ನಾಲ್ಕನೇ ಅಂಗ ಎನ್ನುತ್ತಾರೆ, ಪತ್ರಕರ್ತರ ಭವನಕ್ಕೆ ಜಾಗ, ಅನುದಾನ ಕೊಡಿಸುತ್ತೇವೆ ಎನ್ನುತ್ತಾರೆ. ನಾವೂ ಶಾಲು ಹೊದಿಸಿ ಕಳಿಸುತ್ತೇವೆ. ಆದರೆ ಸಂಘ ಯಾವುದಕ್ಕೆ ಬೇಕು ಎಂಬುದು ಆ ವೇದಿಕೆಯ ಮೇಲೆ ಗೊತ್ತಾಗುವುದಿಲ್ಲ. ರಾತ್ರಿ ಹತ್ತು ಗಂಟೆಗೆ ಠಾಣೆಯ ಬಾಗಿಲಲ್ಲಿ ಗೊತ್ತಾಗುತ್ತದೆ.

ನಮ್ಮ ಬಳಗದ ವರದಿಗಾರನೊಬ್ಬ ನದಿ ದಂಡೆಯ ಅಕ್ರಮ ಮರಳು ಸಾಗಣೆಯ ಬಗ್ಗೆ ಬರೆದ. ಸುದ್ದಿ ಬಂದ ಬೆನ್ನಿಗೇ, 'ಬರೆಯದಿರಲು ಹಣ ಕೇಳಿದ್ದ' ಅಂತ ಟಿಪ್ಪರ್ ಮಾಲೀಕನೊಬ್ಬ ದೂರು ಕೊಟ್ಟ. ರಾತ್ರಿಯೇ ಠಾಣೆಗೆ ಕರೆಸಿ, ಮೊದಲು ಮೊಬೈಲ್ ಕಸಿದುಕೊಂಡರು. ಮಹಜರಿಲ್ಲ, ರಸೀದಿ ಇಲ್ಲ. ತಾಲ್ಲೂಕು ವರದಿಗಾರನಿಗೆ ಬೇರೆ ಕಚೇರಿ ಎಲ್ಲಿರುತ್ತದೆ? ಟಿಪ್ಪರ್‌ಗಳ ಫೋಟೊ, ಮಾಹಿತಿ ಕೊಟ್ಟ ಊರವರ ನಂಬರು, ಅರ್ಧ ಟೈಪ್ ಮಾಡಿದ ಮರುದಿನದ ಸುದ್ದಿ ಎಲ್ಲವೂ ಆ ಫೋನಿನಲ್ಲೇ ಇದ್ದವು. ಅವನ ಹೆಂಡತಿ ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದರು. ಏಳೆಂಟು ಜನ ಹೋದೆವು. ನಮ್ಮಲ್ಲೊಬ್ಬ ಹೋಗಿ ವಕೀಲರನ್ನು ನಿದ್ದೆಯಿಂದ ಎಬ್ಬಿಸಿ ಕರೆತಂದ. ಘೋಷಣೆ ಕೂಗಲಿಲ್ಲ. 'ನೋಟಿಸ್ ಕೊಡ್ರಿ ಸಾಹೇಬ್ರ, ನಾಳೆ ನಾವೇ ಕರ್ಕೊಂಡು ಬರ್ತೀವಿ' ಎಂದು ಹೇಳಿ ಠಾಣೆಯ ಕಟ್ಟೆಯ ಮೇಲೆ ಕೂತೆವು. ಮಧ್ಯರಾತ್ರಿ ಹೊತ್ತಿಗೆ ಅವನನ್ನು ಬಿಟ್ಟರು. ಫೋನು ಕೈಗೆ ಬರಲು ವಾರಗಳೇ ಹಿಡಿದವು. ಅಷ್ಟರಲ್ಲಿ ಮಾಹಿತಿ ಕೊಟ್ಟಿದ್ದ ಊರವರು ಅವನನ್ನು ಕಂಡರೆ ಮುಖ ತಿರುಗಿಸಿ ಹೋಗತೊಡಗಿದ್ದರು. ತಮ್ಮ ಹೆಸರು ಎಲ್ಲಿ ಹೊರಬಿತ್ತೋ ಎಂಬ ಹೆದರಿಕೆ ಅವರಿಗೆ.

ಅವನ ಪತ್ರಿಕೆ ಏನು ಮಾಡಿತು ಎಂದು ತಾವು ಕೇಳಬಹುದು. ಅವನಿಗೆ ನೇಮಕಾತಿ ಪತ್ರವೇ ಇಲ್ಲ. ಅಚ್ಚಾದ ಸುದ್ದಿಗೆ ಇಷ್ಟು ಎಂದು ಹಣ, ಅದೂ ತಡವಾಗಿ. ಇನ್ನು ದೆಹಲಿಯ ಭಾರತೀಯ ಪತ್ರಿಕಾ ಮಂಡಳಿ. 1978ರ ಕಾಯ್ದೆಯಡಿ ಅದು ದೂರು ಕೇಳಬಹುದು, ಅಭಿಪ್ರಾಯ ಹೇಳಬಹುದು, ಆದರೆ ರಾತ್ರಿ ಹತ್ತಕ್ಕೆ ಸುರಪುರಕ್ಕೋ ಚಿಂಚೋಳಿಗೋ ಬಂದು ನಿಲ್ಲಲಾರದು. ಬೆಂಗಳೂರಿನಿಂದ ಖಂಡನಾ ಹೇಳಿಕೆ ಬರುವುದೂ ಎಲ್ಲ ಮುಗಿದ ಮೇಲೆಯೇ. ಆ ಹೊತ್ತಿಗೆ ನಿಲ್ಲುವವರು ತಾಲ್ಲೂಕು, ಜಿಲ್ಲಾ ಸಂಘದವರು ಮಾತ್ರ.

ಛತ್ತೀಸಗಢದ ಬಿಜಾಪುರದಲ್ಲಿ (ನಮ್ಮ ವಿಜಯಪುರವಲ್ಲ, ಬಸ್ತರ್ ಭಾಗದ ಜಿಲ್ಲೆ) 2025ರ ಜನವರಿಯಲ್ಲಿ ಮುಕೇಶ್ ಚಂದ್ರಾಕರ್ ಎಂಬ ಪತ್ರಕರ್ತ ಕಾಣೆಯಾದರು. ರಸ್ತೆ ಕಾಮಗಾರಿಯ ಅವ್ಯವಹಾರ ಬಯಲಿಗೆಳೆದಿದ್ದವರು. ಊರಿನ ಪತ್ರಕರ್ತರೇ ಬೆನ್ನು ಹತ್ತಿ ಹುಡುಕಿದರು, ಪೊಲೀಸರ ಮೇಲೆ ಒತ್ತಡ ತಂದರು. ಗುತ್ತಿಗೆದಾರನ ಜಾಗದಲ್ಲಿ ಹೊಸದಾಗಿ ಕಾಂಕ್ರೀಟ್ ಹಾಕಿ ಮುಚ್ಚಿದ್ದ ಸೆಪ್ಟಿಕ್ ಟ್ಯಾಂಕ್ ಒಡೆಸಿದಾಗ ಶವ ಸಿಕ್ಕಿತು. ಆ ರಾಜ್ಯದ ವಿಧಾನಸಭೆ 2023ರಲ್ಲೇ ಪತ್ರಕರ್ತರ ರಕ್ಷಣೆಯ ಕಾಯ್ದೆಯನ್ನು ಒಪ್ಪಿತ್ತು. ಕಾಯ್ದೆ ಕಾಗದದ ಮೇಲಿತ್ತು, ಹುಡುಕಲು ಹೋದವರು ಜೊತೆಗಾರರು. ಕಾಯ್ದೆ ಬೇಡ ಎನ್ನುತ್ತಿಲ್ಲ. ಔರಾದ್ ದಾಟಿದರೆ ಮಹಾರಾಷ್ಟ್ರ. ಅಲ್ಲಿ 2017ರಲ್ಲಿ ಶಾಸನಸಭೆ ಒಪ್ಪಿದ ಕಾಯ್ದೆಯ ಪ್ರಕಾರ ಪತ್ರಕರ್ತರ ಮೇಲಿನ ಹಲ್ಲೆಯನ್ನು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ನಮಗೂ ಅಂಥದ್ದು ಬೇಕು. ಆದರೆ ಅದು ಬರುವವರೆಗೆ ಕಾಯಬೇಕಾಗಿಲ್ಲ ಎಂದೇ ಈ ಪತ್ರ.

2025ರ ಮಾರ್ಚ್ 28ರಂದು ಸುಪ್ರೀಂ ಕೋರ್ಟ್, ಕವಿತೆಯ ವಿಡಿಯೊ ಹಾಕಿದ್ದಕ್ಕೆ ಕೇಸು ಎದುರಿಸಿದ ಸಂಸದ ಇಮ್ರಾನ್ ಪ್ರತಾಪಗಢಿ ಅವರ ಪ್ರಕರಣದಲ್ಲಿ ಹೇಳಿದ್ದು ತಮಗೆ ಗೊತ್ತಿದೆ. ಮಾತು, ಬರಹದ ಮೇಲಿನ ದೂರಿಗೆ ಮೂರು ವರ್ಷ ಅಥವಾ ಹೆಚ್ಚು, ಆದರೆ ಏಳಕ್ಕಿಂತ ಕಡಿಮೆ ಶಿಕ್ಷೆ ಇದ್ದರೆ, ಎಫ್‌ಐಆರ್‌ಗೆ ಮುಂಚೆ (ಸಿಆರ್‌ಪಿಸಿ ಬದಲಿಗೆ ಬಂದ) ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173(3)ರಡಿ ಪ್ರಾಥಮಿಕ ವಿಚಾರಣೆ ನಡೆಸುವುದೇ ಸೂಕ್ತ ಎಂದಿತು. ಒಳ್ಳೆಯ ತೀರ್ಪು. ಆದರೆ ನಮ್ಮಂಥವರ ಮೇಲೆ ಬೀಳುವ ಕೇಸುಗಳೇ ಬೇರೆ. ಒಂದು ಸುಲಿಗೆ: ಹಿಂದೆ ಮೂರು ವರ್ಷವಿದ್ದ ಗರಿಷ್ಠ ಶಿಕ್ಷೆ (ಐಪಿಸಿ ಬದಲಿಗೆ ಬಂದ) ನ್ಯಾಯ ಸಂಹಿತೆಯ ಸೆಕ್ಷನ್ 308ರಲ್ಲಿ ಏಳಾಗಿದೆ, ಹಾಗಾಗಿ ಆ ವಿಚಾರಣೆಯ ವ್ಯಾಪ್ತಿಗೆ ಬರುವುದಿಲ್ಲ. ಇನ್ನೊಂದು ಹಲ್ಲೆ, ಬಲಪ್ರಯೋಗದಿಂದ ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿ: ಸೆಕ್ಷನ್ 132, ಎರಡು ವರ್ಷ, ಅದೂ ಹೊರಗೆ. ಮೇಲಿನ ಕೋರ್ಟು ಹಾಕಿದ ಬೇಲಿಯ ಎರಡೂ ಬದಿಯಲ್ಲಿ ಕಿಂಡಿ ಉಳಿದಿದೆ, ತಾಲ್ಲೂಕು ವರದಿಗಾರನನ್ನು ಹಿಡಿಯಲು ಬರುವ ಕೈ ಆ ಕಿಂಡಿಯಿಂದಲೇ ಬರುತ್ತದೆ.

ಬೀದರ್‌ನ ಶಾಲಾ ನಾಟಕದ ಪ್ರಕರಣವನ್ನೂ ನೆನಪಿಸಬೇಕು. 2020ರ ಜನವರಿಯಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ಬಗ್ಗೆ ಮಕ್ಕಳು ಆಡಿದ ನಾಟಕಕ್ಕೆ ದೇಶದ್ರೋಹದ ಕೇಸಾಯಿತು. ಅದರ ವಿಡಿಯೊ ಹಂಚಿದ ಸ್ಥಳೀಯ ಪತ್ರಕರ್ತನೂ ಆರೋಪಿಯಾದ. ಮುಖ್ಯಶಿಕ್ಷಕಿ ಮತ್ತು ಒಬ್ಬ ತಾಯಿ ಜೈಲು ಕಂಡರು. ಶಾಲಾ ಆಡಳಿತದವರ ಮೇಲಿನ ಪ್ರಕರಣವನ್ನು ಹೈಕೋರ್ಟ್‌ನ ಕಲಬುರಗಿ ಪೀಠ ರದ್ದು ಮಾಡಿದ್ದು 2023ರಲ್ಲಿ. ಮೂರು ವರ್ಷ ಕಳೆದ ಮೇಲೆ ಕೋರ್ಟು ಹೇಳಿದ್ದನ್ನು ಮೊದಲ ವಾರದಲ್ಲೇ ಒಬ್ಬ ಹಿರಿಯ ಅಧಿಕಾರಿ ಕೂತು ನೋಡಿದ್ದರೆ ಕಾಣುತ್ತಿರಲಿಲ್ಲವೇ?

ಸಂಘಗಳ ಕಡೆಯ ಮಾತನ್ನೂ ಹೇಳುತ್ತೇನೆ, ಮುಚ್ಚಿಡುವುದಿಲ್ಲ. ಗುರುತಿನ ಚೀಟಿ ತೂಗುಹಾಕಿಕೊಂಡು ಅಂಗನವಾಡಿ, ಪಡಿತರ ಅಂಗಡಿಗಳಲ್ಲಿ ಹಣ ಕೀಳುವವರು ನಮ್ಮ ಕಡೆ ಇದ್ದಾರೆ. ಅವರಿಂದಲೇ ನಿಜವಾದ ವರದಿಗಾರನ ಮೇಲಿನ ಸುಳ್ಳು ದೂರೂ ನಂಬುವಂತಾಗಿದೆ. ಅಂಥವರನ್ನು ಕಾಯುವುದು ಸಂಘದ ಕೆಲಸವಲ್ಲ. ತಪ್ಪು ಕಂಡರೆ 'ಇವನು ನಮ್ಮವನಲ್ಲ' ಎಂದು ಬರೆದುಕೊಡುವ ಧೈರ್ಯ ನಮಗಿರಬೇಕು. ನಿವೇಶನಕ್ಕಾಗಿ ಶಾಸಕರ ಮನೆ ಬಾಗಿಲಲ್ಲಿ ನಿಂತ ಸಂಘಕ್ಕೆ, ಅದೇ ಶಾಸಕರ ಬೆಂಬಲಿಗನ ಟಿಪ್ಪರ್ ಬಗ್ಗೆ ಬರೆದ ಹುಡುಗನ ಪರ ನಿಲ್ಲುವುದು ಕಷ್ಟವಾಗುತ್ತದೆ. ಭವನಕ್ಕಿಂತ ಮೊದಲು ಸುತ್ತೋಲೆ ಕೊಡಿ ಎಂದು ನಾನು ಹೇಳುವುದು ಅದಕ್ಕೇ. ಎಲ್ಲ ಸದಸ್ಯರೂ ಇದನ್ನು ಒಪ್ಪುವುದಿಲ್ಲ, ಅದೂ ಗೊತ್ತು.

ತಮ್ಮ ಇಲಾಖೆಯಿಂದ ಒಂದು ಸುತ್ತೋಲೆ ಸಾಕು. ಪತ್ರಕರ್ತನ ಮೇಲಿನ ದೂರು ಅವನು ಬರೆದ ಸುದ್ದಿಗೆ ತಳುಕು ಹಾಕಿಕೊಂಡಿದ್ದರೆ, ಬಂಧನದ ಮಾತು ಬರುವ ಮುಂಚೆ ಡಿವೈಎಸ್‌ಪಿ ಆ ಸುದ್ದಿಯನ್ನು ಓದಬೇಕು, ಒಂದು ದಿನದೊಳಗೆ ಜಿಲ್ಲಾ ಸಂಘದ ಹೇಳಿಕೆಯನ್ನು ಲಿಖಿತವಾಗಿ ಪಡೆದು ಕಡತಕ್ಕೆ ಸೇರಿಸಬೇಕು. ತೀರ್ಮಾನ ಪೊಲೀಸರದ್ದೇ ಇರಲಿ, ನಮಗೆ ವೀಟೊ ಬೇಡ. ಏಳು ವರ್ಷದವರೆಗಿನ ಅಪರಾಧಗಳಿಗೆ, ಬಂಧಿಸದೆ ಹಾಜರಾಗಲು ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 35(3)ರ ನೋಟಿಸ್ ಕೊಡುವ ನಿಯಮ ಈಗಲೂ ಇದೆ, ಅದು ರಾತ್ರಿ ಹತ್ತಕ್ಕೂ ಅನ್ವಯಿಸಬೇಕು. ಫೋನ್ ತೆಗೆದುಕೊಂಡರೆ ಮಹಜರು, ರಸೀದಿ ಆಗಲೇಬೇಕು. ಬೇಕಾದ ಭಾಗದ ಪ್ರತಿ ಮಾಡಿಕೊಂಡು ಗೊತ್ತಾದ ಗಡುವಿನೊಳಗೆ ಮರಳಿಸಬೇಕು, ಸುದ್ದಿಮೂಲಗಳ ಹೆಸರು ದೂರುದಾರನ ಕಿವಿಗೆ ಬೀಳಬಾರದು.

ಕಲಬುರಗಿ, ಬೀದರ್, ಯಾದಗಿರಿ ಮೂರೂ ಒಬ್ಬರೇ ಐಜಿಪಿಯವರ (ಪೊಲೀಸ್ ಮಹಾನಿರೀಕ್ಷಕರ) ಈಶಾನ್ಯ ವಲಯಕ್ಕೆ ಸೇರಿವೆ. ರಾಜ್ಯಕ್ಕೆಲ್ಲ ಹೊರಡಿಸುವುದು ತಡವಾಗುವುದಾದರೆ ಇಲ್ಲಿಂದ ಶುರು ಮಾಡಿ. ಮುಂದಿನ ಸಲ ಕಲಬುರಗಿಗೆ ಬಂದಾಗ ಐಜಿಪಿ ಕಚೇರಿಯಲ್ಲಿ ಮೂರೂ ಜಿಲ್ಲೆಗಳ ಸಂಘದವರಿಗೆ ಅರ್ಧ ಗಂಟೆ ಕೊಡಿ. ಸುತ್ತೋಲೆಯ ಕರಡು, ಠಾಣೆಗಳಲ್ಲಿ ನಡೆದ ಇಂಥ ಪ್ರಕರಣಗಳ ದಾಖಲೆ ಎರಡನ್ನೂ ನಾವು ತರುತ್ತೇವೆ.

ತಮ್ಮ ವಿಶ್ವಾಸಿ,
ಒಬ್ಬ ತಾಲ್ಲೂಕು ವರದಿಗಾರ
ಯಾದಗಿರಿ ಜಿಲ್ಲೆ