ಎಂಡೋಸ್ಕೋಪಿ ಚೀಟಿಯಲ್ಲಿ ಇನ್ನೊಂದು ಸಾಲು ಬೇಕು

ಮಾನ್ಯರೆ,

ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ನಮ್ಮ ಚಿಕ್ಕಪ್ಪನ ಕರುಳಿನ ಗಂಟು ತೆಗೆಯಲು ಕೊಲೊನೋಸ್ಕೋಪಿಗೆ (ಕ್ಯಾಮೆರಾ ಇರುವ ನಳಿಕೆಯಿಂದ ದೊಡ್ಡ ಕರುಳನ್ನು ನೋಡುವ ಎಂಡೋಸ್ಕೋಪಿ) ದಿನ ಕೊಟ್ಟಿದ್ದರು. ಭೇದಿ ಔಷಧಿ ಕುಡಿದು, ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂದಷ್ಟೇ ಚೀಟಿಯಲ್ಲಿತ್ತು. ರಾತ್ರಿಯಿಡೀ ನಿದ್ದೆಗೆಟ್ಟು, ಹೊಸನಗರದಿಂದ ಮೊದಲ ಬಸ್ಸಿಗೆ ಹೋದರೆ, ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಿಲ್ಲ ಎಂದು ವಾಪಸ್ ಕಳಿಸಿದರು. ಕಳಿಸಿದ್ದು ಸರಿಯೇ. ಮೊದಲೇ ಕೇಳಬಹುದಿತ್ತಲ್ವಾ?

ಸುಮ್ನೆ ಹೊಟ್ಟೆಯೊಳಗೆ ನೋಡುವುದಕ್ಕೆ, ಚೂರು ಮಾಂಸ ತೆಗೆದು ಪರೀಕ್ಷಿಸುವುದಕ್ಕೆ ರಕ್ತಸ್ರಾವದ ಭಯ ಕಡಿಮೆ. ಹೆಚ್ಚಿನವರು ಮಾತ್ರೆ ನಿಲ್ಲಿಸಬೇಕಿಲ್ಲ. ಗಂಟು ಕತ್ತರಿಸುವಾಗ ಅಪಾಯ ಜಾಸ್ತಿ. ರಕ್ತ ತೆಳುವಾಗಿಸುವ ಮಾತ್ರೆಗಳಲ್ಲಿ ಕ್ಲೋಪಿಡೋಗ್ರೆಲ್ ಸಾಮಾನ್ಯವಾಗಿ 5ರಿಂದ 7 ದಿನ, ವಾರ್ಫರಿನ್ 5 ದಿನ ಮೊದಲೇ ನಿಲ್ಲಿಸುತ್ತಾರೆ. ಆಸ್ಪಿರಿನ್ ಹೆಚ್ಚಾಗಿ ಮುಂದುವರಿಸುತ್ತಾರೆ. ಆದರೆ ಹೃದಯದ ರಕ್ತನಾಳಕ್ಕೆ ಹೊಸದಾಗಿ ಸ್ಟೆಂಟ್ ಹಾಕಿಸಿಕೊಂಡವರು, ಹೃದಯದಲ್ಲಿ ಕೃತಕ ಕವಾಟ ಇರುವವರು ತಾವಾಗಿಯೇ ನಿಲ್ಲಿಸಿದರೆ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಕುತ್ತು. ಹೃದಯದ ಡಾಕ್ಟರನ್ನು ಕೇಳಲೇಬೇಕು. ನಮ್ಮ ಕಡೆಯವರಲ್ಲಿ ಎಷ್ಟೋ ಜನರಿಗೆ ಆ ಡಾಕ್ಟರ್ ಇರುವುದು ಮಣಿಪಾಲದಲ್ಲೋ ಬೆಂಗಳೂರಿನಲ್ಲೋ!

ಇನ್ನೊಂದು ತೊಡಕಿದೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಕೊಲೆಸ್ಟ್ರಾಲ್ ಔಷಧಿ ಮೂರೂ ಒಂದೇ ಕ್ಯಾಪ್ಸೂಲಿನಲ್ಲಿ ಬರುವುದೂ ಉಂಟು. ಚಿಕ್ಕಪ್ಪನಿಗೆ ಅದು ಬರೀ 'ಹಾರ್ಟಿನ ಮಾತ್ರೆ'. ಅಂಗಡಿಯವರು ಕತ್ತರಿಸಿ ಕೊಟ್ಟ ಪಟ್ಟಿಯಲ್ಲಿ ಹೆಸರೂ ಅರ್ಧ ಹೋಗಿತ್ತು.

ದಿನ ಕೊಡುವಾಗಲೇ ಮಾತ್ರೆಗಳನ್ನು ತರಿಸಿ ನೋಡಲಿ. 'ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಈಗಲೇ ತಿಳಿಸಿ, ನೀವಾಗಿ ನಿಲ್ಲಿಸಬೇಡಿ' ಎಂದು ಚೀಟಿಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಲಿ. ನಿಲ್ಲಿಸಿದ ಮಾತ್ರೆಯನ್ನು ಮತ್ತೆ ಯಾವತ್ತಿನಿಂದ ಶುರು ಮಾಡಬೇಕೆಂಬುದನ್ನೂ ಬರೆದುಕೊಡಲಿ.

– ಓದುಗರೊಬ್ಬರು, ಹೊಸನಗರ