ಬ್ಯಾಟರಿ ಉಲ್ಟಾ ಕೊಟ್ಟ ಮೇಲೆ

ಚಿ. ಸಹನಾಳಿಗೆ ಮಾವನ ಆಶೀರ್ವಾದಗಳು.

ಉಳಿದದ್ದೆಲ್ಲ ನಿಮ್ಮಮ್ಮ ಹೇಳಿದಳು, ಮತ್ತೆ ಎತ್ತುವುದಿಲ್ಲ. ನಿನ್ನ ಕಾಗದದ ಒಂದೇ ಸಾಲು ತಲೆಯಲ್ಲಿ ಕೂತುಬಿಟ್ಟಿದೆ: “ಕಾರಿನ ಹೊಸ ಬ್ಯಾಟರಿಗೆ ಪ್ಲಸ್ಸು ಮೈನಸ್ಸು ಉಲ್ಟಾ ಕೊಟ್ಟೆ, ಕಿಡಿ ಹಾರಿತು, ಗಾಡಿ ಪೂರ್ತಿ ಸತ್ತಿದೆ, ಇಸಿಯು ಸುಟ್ಟೇಹೋಯಿತು ಮಾವ.”

ಸುಟ್ಟಿತು ಅಂತ ಹೇಳಿದವರ್ಯಾರು? ಒಳಗಿನ ದೀಪ ಇಲ್ಲ, ಹಾರನ್ ಇಲ್ಲ, ಕೀ ತಿರುಗಿಸಿದರೆ ಟಿಕ್ ಅನ್ನುವುದೂ ಇಲ್ಲ ಅಂತ ನೀನೇ ಬರೆದಿದ್ದೀಯ. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಅದೊಂದೇ ಹೋಗಿದ್ದರೆ ಹೆಡ್‌ಲೈಟು, ಹಾರನ್ನು ಕೆಲಸ ಮಾಡಬೇಕಿತ್ತು. ಎಲ್ಲವೂ ಒಟ್ಟಿಗೆ ನಿಂತಿದೆ ಅಂದರೆ ನನ್ನ ಅನುಮಾನ ಮೇನ್ ಫ್ಯೂಸಿನ ಮೇಲೆ. ಅದು ಒಳ್ಳೆಯ ಲಕ್ಷಣ.

ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವುದು ಆಲ್ಟರ್ನೇಟರ್. ಅದರೊಳಗೆ ಕರೆಂಟನ್ನು ಒಂದೇ ಕಡೆಗೆ ಬಿಡುವ ಡಯೋಡ್ ಕನಿಷ್ಠ ಆರು ಇರುತ್ತವೆ. ಬ್ಯಾಟರಿ ಸರಿಯಾಗಿ ಕೂತಾಗ ಅದರ ಕರೆಂಟನ್ನು ಅವು ಒಳಗೆ ಬಿಡುವುದಿಲ್ಲ. ಉಲ್ಟಾ ಆದರೆ ಅವೇ ದಾರಿ ಬಿಟ್ಟು ಬ್ಯಾಟರಿಯನ್ನು ನೇರ ಶಾರ್ಟ್ ಮಾಡುತ್ತವೆ, ನೂರಾರು ಆಂಪಿಯರ್ ನುಗ್ಗುತ್ತೆ. ಆ ದಾರಿಯಲ್ಲಿ ಕೂತಿರುವುದು 80ರಿಂದ 120 ಆಂಪಿಯರಿನ ಮೇನ್ ಫ್ಯೂಸು. ಅದು ಮೊದಲು ಹಾರಿದರೆ ಡಯೋಡ್ ಬದುಕುತ್ತೆ, ತಡವಾದರೆ ಡಯೋಡ್ ಹೋಗುತ್ತೆ. ಇನ್ನು ನೀನು ಹೆದರಿರುವ ಇಸಿಯು: ಅದರ ಬಾಯಲ್ಲೂ ಸಾಮಾನ್ಯವಾಗಿ ಇಂಥದ್ದಕ್ಕೇ ಒಂದು ರಕ್ಷಣೆಯ ಡಯೋಡ್ ಇಟ್ಟಿರುತ್ತಾರೆ. ಅದು ಕರೆಂಟ್ ತನ್ನ ಮೇಲೆ ಎಳೆದುಕೊಂಡು ಇಸಿಯುನ ಸಣ್ಣ ಫ್ಯೂಸನ್ನು ಹಾರಿಸುತ್ತೆ. ಸ್ಟೀರಿಯೋ ಕೂಡ ಹಾಗೇ.

ಆಲ್ಟರ್ನೇಟರ್ ಬದಲು ಡೈನಮೋ ಇದ್ದ ಹಳೇ ಅಂಬಾಸಿಡರ್‌ಗಳಲ್ಲಿ ಸುಡುವುದಕ್ಕೆ ಡಯೋಡೇ ಇರಲಿಲ್ಲ. ಮೋರಿಸ್ ಮೈನರ್‌ನಲ್ಲಂತೂ ಮೈನಸ್ ಬದಲು ಪ್ಲಸ್ಸನ್ನೇ ಗಾಡಿಯ ಮೈಗೆ ಜೋಡಿಸುತ್ತಿದ್ದರು. ಆ ಗಾಡಿಗಳ ಕಥೆ ನಿನಗೇಕೆ. ನೀನು ರಜೆಗೆ ಬಂದಾಗ ಮಲ್ಟಿಮೀಟರ್ ಹಿಡಿಯುವುದನ್ನು ಕಲಿಸಬೇಕಿತ್ತು, ಅದೊಂದು ಈಗ ಕೊರೆಯುತ್ತಿದೆ.

ದೂರದಿಂದ ಹೇಳುವುದು ಸುಲಭ, ಆದರೂ ಕೇಳು. ಸರಿಯಾಗಿ ಕೊಟ್ಟುಬಿಡೋಣ ಅಂತ ಈಗಲೇ ಮತ್ತೆ ಸ್ಟಾರ್ಟ್ ಹೊಡೆಯಬೇಡ. 10ನೇ ನಂಬರ್ ಸ್ಪ್ಯಾನರಿನಿಂದ ಬ್ಯಾಟರಿಯ ಎರಡೂ ಕ್ಲಾಂಪ್ ಬಿಚ್ಚಿಡು. ಬ್ಯಾಟರಿ ಒಂದನ್ನೇ ಮೀಟರಿನಲ್ಲಿ ನೋಡು: 12.6 ವೋಲ್ಟ್ ಇದ್ದರೆ ತುಂಬಿದೆ, 12ಕ್ಕಿಂತ ಕೆಳಗಿದ್ದರೆ ಗಾಡಿಯಿಂದ ಹೊರಗಿಟ್ಟೇ ಚಾರ್ಜ್ ಮಾಡಿಸು. ಮೇನ್ ಫ್ಯೂಸು ಪ್ಲಸ್ ಕ್ಲಾಂಪಿನ ಮೇಲೋ, ಬಾನೆಟ್ ಒಳಗಿನ ಫ್ಯೂಸ್ ಬಾಕ್ಸಿನಲ್ಲೋ ನಟ್ಟು ಹಾಕಿ ಕೂರಿಸಿದ್ದು. ಕಣ್ಣಿಗೆ ಚೆನ್ನಾಗಿ ಕಂಡರೂ ನಂಬಬೇಡ, ಎರಡು ತುದಿಗೆ ಮೀಟರ್ ಇಟ್ಟು ಬೀಪ್ ಬರುತ್ತದೋ ನೋಡು. ಸಣ್ಣ ಫ್ಯೂಸುಗಳನ್ನೂ ಒಂದೊಂದಾಗಿ ನೋಡು. ಹೋದದ್ದಕ್ಕೆ ಅದೇ ಆಂಪಿಯರಿನದ್ದೇ ಹಾಕು. ತಂತಿ ಸುತ್ತಿ ಕೊಡುತ್ತೇನೆ ಅನ್ನುವ ಮೆಕ್ಯಾನಿಕ್ ಸಿಕ್ಕರೆ ಅಲ್ಲಿಂದ ಎದ್ದು ಬಾ.

ಆಲ್ಟರ್ನೇಟರಿನ ದಪ್ಪ ವಯರ್ ಬಿಚ್ಚಿ, ಮೀಟರನ್ನು ಡಯೋಡ್ ಮೋಡಿಗೆ ಹಾಕಿ, ಕೆಂಪು ಕಡ್ಡಿ ಆಲ್ಟರ್ನೇಟರಿನ ಮೈಗೆ, ಕಪ್ಪು ಕಡ್ಡಿ ವಯರ್ ಬಿಚ್ಚಿದ ಬೋಲ್ಟಿಗೆ ಇಡು. 0.8ರಿಂದ 1 ವೋಲ್ಟಿನ ಹತ್ತಿರ ತೋರಿಸಬೇಕು. ಕಡ್ಡಿ ಅದಲುಬದಲು ಮಾಡಿದರೆ ಏನೂ ತೋರಿಸಬಾರದು. ಎರಡೂ ಕಡೆ ಸೊನ್ನೆ ಬಂದರೆ ಡಯೋಡ್ ಶಾರ್ಟ್ ಆಗಿದೆ. ಆಗಲೂ ಹೋದದ್ದು ಡಯೋಡ್ ಪ್ಲೇಟು, ಇಸಿಯು ಅಲ್ಲ.

ಆಲ್ಟರ್ನೇಟರಿನ ವಯರನ್ನು ಮೊದಲಿನಂತೆ ಹಾಕಿ, ಬ್ಯಾಟರಿಯನ್ನು ಮತ್ತೆ ಜೋಡಿಸುವಾಗ ಪ್ಲಸ್ ಮೊದಲು. ಮೈನಸ್ಸನ್ನು ನೇರ ಕೊಡಬೇಡ. ಮೈನಸ್ ಕೇಬಲ್ಲಿಗೂ ಬ್ಯಾಟರಿಯ ಮೈನಸ್ ಪೋಸ್ಟಿಗೂ ನಡುವೆ 21 ವ್ಯಾಟಿನ ಬ್ರೇಕ್ ಬಲ್ಬ್ ಹಾಕಿ ನೋಡು. ಬಾಗಿಲು ಮುಚ್ಚಿರಲಿ, ಎಲ್ಲ ಆಫ್ ಇರಲಿ. ಒಮ್ಮೆ ಮಿನುಗಿ ಆರಿದರೆ ಚಿಂತೆಯಿಲ್ಲ. ಜೋರಾಗಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಉಳಿದಿದೆ, ಅಲ್ಲಿಗೇ ನಿಲ್ಲಿಸು. ಈ ಬಲ್ಬ್ ಇದ್ದರೆ ಎರಡನೇ ಸಲ ಫ್ಯೂಸು ಹಾರುವುದಿಲ್ಲ.

ಬಲ್ಬ್ ಆರಿತು ಅಂದರೆ ಅದನ್ನು ತೆಗೆದು ಮೈನಸ್ಸನ್ನು ಬಿಗಿ ಮಾಡಿ ಕೀ ಆನ್ ಮಾಡು. ಚೆಕ್ ಎಂಜಿನ್ ದೀಪ ಬಂತೋ, ನಿನ್ನ ಇಸಿಯು ಎದ್ದಿದೆ ಅಂದುಕೋ. ಸ್ಟಾರ್ಟ್ ಆದ ಮೇಲೆ ಬ್ಯಾಟರಿ ಮೇಲೆ 13.8ರಿಂದ 14.4 ವೋಲ್ಟ್ ಬರಬೇಕು. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿದಾಗ 0.5 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಒಂದು ಡಯೋಡ್ ಹೋಗಿದೆ. ಇವತ್ತು ಓಡುತ್ತೆ, ಬೆಳಿಗ್ಗೆ ಬ್ಯಾಟರಿ ಡೌನ್ ಆಗಿರುತ್ತೆ. ಏರ್‌ಬ್ಯಾಗ್ ದೀಪ ಆರದಿದ್ದರೆ ಮಾತ್ರ ನೀನು ಕೈ ಹಾಕಬೇಡ, ಸರ್ವೀಸ್ ಸೆಂಟರಿಗೆ ಕೊಡು.

ಇನ್ನೊಂದು, ಬೈಯುತ್ತಿದ್ದೇನೆ ಅಂದುಕೊಳ್ಳಬೇಡ. ಹೊಸ ಬ್ಯಾಟರಿಯ ಮೇಲೆ 38ಬಿ20ಎಲ್ ಅಂತ ಇದೆಯೋ, 38ಬಿ20ಆರ್ ಅಂತ ಇದೆಯೋ ನೋಡಿ ಬರೆ. ಅಳತೆ ಒಂದೇ, ಟರ್ಮಿನಲ್ ಮಾತ್ರ ಎಡಬಲ ಬದಲು. ಅಂಗಡಿಯವನು ಬೇರೆಯದು ಕೊಟ್ಟಿದ್ದರೆ, ಹಳೆಯದರ ಜಾಗ ನೋಡಿ ಕೊಟ್ಟವರಿಗೆಲ್ಲ ಉಲ್ಟಾ ಆಗುತ್ತೆ. ಪ್ಲಸ್ ಪೋಸ್ಟ್ ಮೈನಸ್ಸಿಗಿಂತ ದಪ್ಪ. ಕ್ಲಾಂಪ್ ಕೂರದೆ ಸತಾಯಿಸಿದರೆ ಸುತ್ತಿಗೆ ತಗೋಬೇಡ, ಗುರುತು ನೋಡು.

ಇಸಿಯು ಬದಲಿಸಬೇಕು ಅಂತ ಯಾರಾದರೂ ಅಂದರೆ, ಫ್ಯೂಸು ನೋಡಿದಿರಾ ಅಂತ ಮೊದಲು ಕೇಳು. ಮೀಟರ್ ತೋರಿಸಿದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ರಾತ್ರಿ ಫೋನ್ ಮಾಡು, ಎಚ್ಚರವಾಗಿರುತ್ತೇನೆ.

ಇಂತಿ,
ನಿನ್ನ ಮಾವ